ಕೈ ಬಿಟ್ಟರೆ ನಿಲ್ಲುತ್ತದೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎಲ್ಲಿ ನೋಡಿದರೂ ಭತ್ತ. ನಾನು ಹದಿನಾಲ್ಕು ವರ್ಷ ಟ್ರ್ಯಾಕ್ಟರ್ ಓಡಿಸಿದ್ದೇನೆ. ಕೇಜ್ ವೀಲ್ ಹಾಕಿಕೊಂಡು ಕೆಸರುಗದ್ದೆಗೆ ಇಳಿದಾಗಲೂ ಹೆದರಿಲ್ಲ, ರಾತ್ರಿ ಹೊತ್ತು ಭತ್ತದ ಲೋಡು ಹೇರಿಕೊಂಡು ಕಾಲುವೆ ಪಕ್ಕದ ದಾರಿ ಹಿಡಿದಾಗಲೂ ಹೆದರಿಲ್ಲ. ಅಂಥವನಿಗೆ ತರಬೇತಿಯಲ್ಲಿ ಡ್ರೋನ್ ರಿಮೋಟ್ ಕೈಗೆ ಕೊಟ್ಟಾಗ ಹೆಬ್ಬೆರಳು ನಡುಗಿತು. ಬಾಯಿ ಒಣಗಿತು. ಪಕ್ಕದಲ್ಲಿ ನಿಂತಿದ್ದ ನನ್ನ ಮೇಷ್ಟ್ರಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ‘ಅಣ್ಣಾರ, ಮೊದ್ಲು ಉಸಿರು ಬಿಡ್ರಿ’ ಅಂದ. ಉಸಿರು ಹಿಡಿದುಕೊಂಡು ನಿಂತಿದ್ದೇನೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಇವತ್ತು ಈ ಹೆದರಿಕೆಯ ಬಗ್ಗೆಯೇ ಮಾತಾಡುತ್ತೇನೆ. ಡ್ರೋನ್ ಎಷ್ಟು ಉಪಯೋಗ ಅಂತ ಹೇಳುವವರು ಬಹಳ ಜನ ಇದ್ದಾರೆ. ಬೆನ್ನಿಗೆ ಪಂಪು ಹಾಕಿಕೊಂಡು ಬೆಳೆಗೆ ಎಣ್ಣಿ, ಅಂದರೆ ಔಷಧಿ, ಹೊಡೆದರೆ ಎಕರೆಗೆ 150ರಿಂದ 200 ಲೀಟರ್ ನೀರು ಬೇಕು, ಡ್ರೋನಿಗೆ ಸುಮಾರು 10 ಲೀಟರ್ ಸಾಕು, ಹತ್ತು ನಿಮಿಷದೊಳಗೆ ಒಂದು ಎಕರೆ ಮುಗಿಯುತ್ತದೆ. ಅದೆಲ್ಲ ನಿಜ. 2023ರಲ್ಲಿ ನಮೋ ಡ್ರೋನ್ ದೀದಿ ಯೋಜನೆ ಬಂದ ಮೇಲೆ ಸ್ವಸಹಾಯ ಸಂಘದ ಅಕ್ಕಂದಿರೂ ಕಲಿಯುತ್ತಿದ್ದಾರೆ. ಆದರೆ ಕಲಿತು ಬಂದ ಮೇಲೆ ಪೆಟ್ಟಿಗೆ ಬಿಚ್ಚೋಕೆ ಮನಸ್ಸಾಗದೆ ಕೂತವರ ಬಗ್ಗೆ ಯಾರೂ ಮಾತಾಡಲ್ಲ. ನಾನೇ ಹನ್ನೊಂದು ದಿನ ಕೂತಿದ್ದೆ. ಒಂದು ದಿನ ಗಾಳಿ ಜಾಸ್ತಿ, ಒಂದು ದಿನ ಮೋಡ, ಒಂದು ದಿನ ಅಮಾವಾಸ್ಯೆ. ಹಾರಿಸಿದರೆ ತಾನೇ ಬೀಳೋದು!

ಹೆದರಿಕೆ ಸುಮ್ನೆ ಬಂದಿದ್ದಲ್ಲ. ಲಕ್ಷಗಟ್ಟಲೆ ದುಡ್ಡಿನ ಸಾಮಾನು. ಭತ್ತದ ಗದ್ದೆಗೆ ಬಿದ್ದರೆ ಕೆಳಗೆ ನೀರು, ಕೆಸರು. ಬದುವಿನ ಮೇಲೆ ಅರ್ಧ ಊರು ನಿಂತಿರುತ್ತದೆ. ಆದರೆ ನನ್ನ ಅನುಭವದಲ್ಲಿ ದೊಡ್ಡ ತೊಡಕು ಬೇರೆಯೇ ಇತ್ತು. ಟ್ರ್ಯಾಕ್ಟರಿನಲ್ಲಿ ಗಾಬರಿಯಾದರೆ ಕಾಲು ಬ್ರೇಕ್ ತುಳಿಯುತ್ತದೆ. ಎತ್ತು ಬೆದರಿದರೆ ಹಗ್ಗ ಜಗ್ಗುತ್ತೇವೆ. ಗಾಬರಿಯಾದಾಗ ಏನನ್ನಾದರೂ ಗಟ್ಟಿಯಾಗಿ ಹಿಡಿ, ಇಲ್ಲ ಜಗ್ಗು. ಮೈಗೆ ಗೊತ್ತಿರೋದು ಇಷ್ಟೇ. ಡ್ರೋನ್ ಇದಕ್ಕೆ ಪೂರ್ತಿ ಉಲ್ಟಾ. ಜಿಪಿಎಸ್ ಮೋಡ್, ಅಂದರೆ ಉಪಗ್ರಹದಿಂದ ತನ್ನ ಜಾಗ ತಿಳಿದುಕೊಳ್ಳುವ ವ್ಯವಸ್ಥೆಯಲ್ಲಿ ಇದ್ದಾಗ ರಿಮೋಟಿನ ಎರಡೂ ಸ್ಟಿಕ್ ಬಿಟ್ಟುಬಿಟ್ಟರೆ ಅದು ಇದ್ದಲ್ಲೇ ನಿಲ್ಲುತ್ತದೆ. ಗಾಳಿ ತಳ್ಳಿದರೆ ತಾನೇ ಸ್ವಲ್ಪ ವಾಲಿಕೊಂಡು ಜಾಗ ಹಿಡಿದುಕೊಳ್ಳುತ್ತದೆ. ಅದಕ್ಕೆ ಬ್ರೇಕ್ ಅಂದರೆ ನಮ್ಮ ಹೆಬ್ಬೆರಳು ಸುಮ್ಮನಿರೋದು.

ಇದನ್ನು ತರಗತಿಯಲ್ಲಿ ಹೇಳಿದ್ದರು. ಬರೆದುಕೊಂಡೂ ಇದ್ದೆ. ಕೈಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಕೈಗೆ ಗೊತ್ತಾಗಿದ್ದು ಹೀಗೆ. ಹನ್ನೆರಡನೇ ದಿನ ಬೆಳಗ್ಗೆ ಆರು ಗಂಟೆಗೆ, ಜನ ಏಳೋದಕ್ಕೆ ಮುಂಚೆ, ಕೊಯ್ಲಾದ ಹೊಲಕ್ಕೆ ಹೋದೆ. ಎರೆಮಣ್ಣಿನ ಧೂಳು ಏಳಬಾರದು ಅಂತ ರಾಶಿ ಮಾಡುವ ತಾಡಪತ್ರಿ ಹಾಸಿ ಅದರ ಮೇಲೆ ಡ್ರೋನ್ ಇಟ್ಟೆ. ಟ್ಯಾಂಕ್ ಖಾಲಿ. ಡ್ರೋನಿನ ಬಾಲ ನನ್ನ ಕಡೆ, ಮೂತಿ ಆಚೆ ಕಡೆ. ಆಳೆತ್ತರ ದಾಟಿಸಿ ನಿಲ್ಲಿಸಿದೆ. ಸ್ಟಿಕ್ ಬಿಟ್ಟೆ. ನಿಂತಿತು. ಸ್ವಲ್ಪ ಮುಂದಕ್ಕೆ ತಳ್ಳಿದೆ, ಬಿಟ್ಟೆ. ನಿಂತಿತು. ಎಡಕ್ಕೆ, ಬಿಟ್ಟೆ. ಬಲಕ್ಕೆ, ಬಿಟ್ಟೆ. ಒಂದು ಬ್ಯಾಟರಿ ಪೂರ್ತಿ ಇಷ್ಟೇ ಕೆಲಸ. ನೋಡಿದವರಿಗೆ ಹುಚ್ಚು ಅನ್ನಿಸುತ್ತಿತ್ತು. ನನಗೆ ಮಾತ್ರ ಭುಜ ಕೆಳಗೆ ಇಳಿದದ್ದು ಗೊತ್ತಾಯಿತು. ಅಲ್ಲಿವರೆಗೆ ಎರಡೂ ಭುಜ ಕಿವಿ ಹತ್ತಿರ ಇದ್ದವು.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಕೆಲವು ರಿಮೋಟುಗಳಲ್ಲಿ ಎಡಗಡೆ ಸ್ಟಿಕ್, ಅಂದರೆ ಮೇಲೆ ಕೆಳಗೆ ಮಾಡುವ ಸ್ಟಿಕ್, ತಾನಾಗಿ ನಡುವಿಗೆ ಬರುವುದಿಲ್ಲ. ನಿಮ್ಮದು ಯಾವುದು ಅಂತ ನೆಲದ ಮೇಲಿದ್ದಾಗಲೇ ನೋಡಿಕೊಳ್ಳಿ. ಎರಡನೆಯದು, ಜಿಪಿಎಸ್ ಸಿಗದಿದ್ದರೆ ಈ ಕೈ ಬಿಡುವ ಆಟ ನಡೆಯಲ್ಲ, ಡ್ರೋನ್ ಗಾಳಿ ತಳ್ಳಿದ ಕಡೆ ತೇಲುತ್ತದೆ. ಅದಕ್ಕೇ ಉಪಗ್ರಹಗಳು ಸಾಕಷ್ಟು ಸಿಕ್ಕು ಹೋಮ್ ಪಾಯಿಂಟ್, ಅಂದರೆ ಡ್ರೋನ್ ಏಳುವ ಜಾಗ, ದಾಖಲಾಗುವವರೆಗೆ ಏಳಿಸಬಾರದು. ನಾನೊಮ್ಮೆ ಟ್ರ್ಯಾಲಿ ಮೇಲೆಯೇ ಇಟ್ಟು ಆನ್ ಮಾಡಿ, ಕಂಪಾಸ್ ತಪ್ಪು ತೋರಿಸುತ್ತಿದೆ, ಡ್ರೋನ್ ಕೆಟ್ಟಿದೆ ಅಂತ ಫೋನ್ ಮಾಡಿದ್ದೆ. ಕೆಳಗೆ ಅಷ್ಟು ಕಬ್ಬಿಣ ಇಟ್ಟುಕೊಂಡರೆ ದಿಕ್ಕಿನ ಮುಳ್ಳು ಏನು ಮಾಡೀತು, ಪಾಪ!

ಹೆದರಿದವರು ಮಾಡುವ ಇನ್ನೊಂದು ತಪ್ಪು, ನೆಲಕ್ಕೆ ಹತ್ತಿರ ಹಾರಿಸೋದು. ಬಿದ್ದರೂ ಪೆಟ್ಟು ಕಮ್ಮಿ ಅನ್ನೋ ಲೆಕ್ಕ. ಆದರೆ ಮೊಣಕಾಲೆತ್ತರದಲ್ಲಿ ಫ್ಯಾನಿನ ಗಾಳಿ ನೆಲಕ್ಕೆ ಬಡಿದು ವಾಪಸ್ ಬರುತ್ತದೆ, ಡ್ರೋನ್ ಅಲ್ಲೇ ಹೊಯ್ದಾಡುತ್ತದೆ. ಅದು ಹೊಯ್ದಾಡಿದ್ದು ನೋಡಿ ನಮಗೆ ಇನ್ನೂ ಗಾಬರಿ. ಎರಡು ಮೀಟರ್ ಮೇಲೆ ಹೋದರೆ ಸಮಾಧಾನವಾಗಿ ನಿಲ್ಲುತ್ತದೆ.

ಈಗ ನನ್ನ ಮಾನ ಹೋದ ಕಥೆ. ಮೂರನೇ ವಾರ, ಸ್ವಲ್ಪ ಧೈರ್ಯ ಬಂದಿತ್ತು. ಡ್ರೋನನ್ನು ಆಚೆ ಬದುವಿನ ತನಕ ಕಳಿಸಿ, ಮೂತಿ ನನ್ನ ಕಡೆ ತಿರುಗಿಸಿ ಕರೆಸಿಕೊಳ್ಳುತ್ತಿದ್ದೆ. ಬದುವಿನಲ್ಲಿ ಒಂದು ಬಳ್ಳಾರಿ ಜಾಲಿ ಇತ್ತು. ಆ ಗಿಡ ಯಾವುದೋ ದೇಶದಿಂದ ಬಂದದ್ದು, ಹೆಸರು ಮಾತ್ರ ಬಳ್ಳಾರಿಗೆ ಅಂಟಿಕೊಂಡಿದೆ. ಡ್ರೋನ್ ಗಿಡದ ಕಡೆ ಸರಿಯಿತು. ನಾನು ಬಲಕ್ಕೆ ತಳ್ಳಿದೆ. ಮೂತಿ ನಮ್ಮ ಕಡೆ ಇದ್ದಾಗ ನಮ್ಮ ಬಲ ಅದಕ್ಕೆ ಎಡ, ಅಲ್ವಾ? ಅದು ಇನ್ನೂ ಗಿಡದ ಕಡೆ ಹೋಯಿತು. ಗಾಬರಿಯಲ್ಲಿ ಇನ್ನೂ ಜೋರಾಗಿ ಬಲಕ್ಕೆ ತಳ್ಳಿದೆ. ಗಿಡದೊಳಗೇ ಹೋಗಿ ಕೂತಿತು. ಎರಡು ರೆಕ್ಕೆ ತುಂಡು, ನನ್ನ ಮೊಣಕೈ ತುಂಬ ಮುಳ್ಳು. ಬದುವಿನ ಮೇಲೆ ಕೂತಿದ್ದ ನಮ್ಮ ಕಾಕಾ ಕೇಳಿದರು: ‘ಏನಪಾ, ಜಾಲಿ ಗಿಡಕ್ಕೂ ಎಣ್ಣಿ ಹೊಡಿತೀಯೇನು?’

ಸ್ಟಿಕ್ ಬಿಟ್ಟಿದ್ದರೆ ಸಾಕಿತ್ತು. ಗಿಡದಿಂದ ಎರಡು ಮಾರು ದೂರದಲ್ಲಿ ನಿಂತಿರುತ್ತಿತ್ತು. ಆಮೇಲೆ ತಲೆ ಮೇಲೆ ತಂತಿ ಇಲ್ಲ ಅಂತ ನೋಡಿಕೊಂಡು ನೆಟ್ಟಗೆ ಎತ್ತರಿಸಿ, ನಿಧಾನ ಬಾಲ ನನ್ನ ಕಡೆ ತಿರುಗಿಸಿಕೊಂಡಿದ್ದರೆ ಎಡಬಲದ ಗೊಂದಲವೇ ಇರುತ್ತಿರಲಿಲ್ಲ. ಈಗ ಹೊಸಬರಿಗೆ ನಾನು ಹೇಳೋದು ಇದನ್ನೇ. ಮೂತಿ ಎದುರು ಮಾಡಿ ಹಾರಿಸೋದನ್ನು ಎಲ್ಲಕ್ಕಿಂತ ಕೊನೆಗೆ ಕಲಿಯಿರಿ. ಅದಕ್ಕೆ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನ ಪರದೆ ಮೇಲೆ ಹಾರಿಸಿ ಕಲಿಯೋದು, ಒಳ್ಳೆಯದು, ಅಲ್ಲಿ ಐವತ್ತು ಸಲ ಬಿದ್ದರೂ ರೆಕ್ಕೆ ಖರ್ಚಿಲ್ಲ. ನನ್ನ ಮಗನಿಗೆ ಅದು ಒಂದೇ ದಿನದಲ್ಲಿ ಬಂತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಸ್ಟಿಕ್ ಹಿಡಿಯುವ ರೀತಿಯಲ್ಲೂ ಒಂದು ಉಪಾಯ ಇದೆ. ಬರೀ ಹೆಬ್ಬೆರಳ ತುದಿ ಇಟ್ಟರೆ ಬೆವರಿಗೆ ಜಾರುತ್ತದೆ. ನಮ್ಮ ರಾಯಚೂರು ಬಿಸಿಲು ಗೊತ್ತಲ್ಲ! ಹೆಬ್ಬೆರಳು, ತೋರುಬೆರಳು ಎರಡರಲ್ಲೂ ಸ್ಟಿಕ್ ಹಿಡಿಯಿರಿ, ಕುಂಕುಮ ತೆಗೆದುಕೊಂಡ ಹಾಗೆ. ರಿಮೋಟನ್ನು ಪಟ್ಟಿ ಹಾಕಿ ಕೊರಳಿಗೆ ನೇತುಹಾಕಿಕೊಳ್ಳಿ. ನಡುಕ ಇದ್ದರೂ ಡ್ರೋನಿಗೆ ತಲುಪೋದು ಕಮ್ಮಿ.

ಖಾಲಿ ಟ್ಯಾಂಕು ಪಳಗಿದ ಮೇಲೆ ಬರೀ ನೀರು ತುಂಬಿಸಿ ಹಾರಿಸಿ. ತೂಕ ಬಂದಾಗ ಬಿಟ್ಟ ಕೂಡಲೇ ನಿಲ್ಲಲ್ಲ, ಒಂದಿಷ್ಟು ಮುಂದೆ ಹೋಗಿ ನಿಲ್ಲುತ್ತದೆ. ಲೋಡಿನ ಟ್ರ್ಯಾಲಿ ಥರ. ಅದು ಕೈಗೆ ಹತ್ತಿದ ಮೇಲೆ ಎಣ್ಣಿ. ಬ್ಯಾಟರಿ ಮೂವತ್ತು ಪರ್ಸೆಂಟಿಗೆ ಬಂತೆಂದರೆ ನಾನು ಇಳಿಸಿಬಿಡುತ್ತೇನೆ. ಇನ್ನೊಂದು ಸಾಲು ಮುಗಿಸೋಣ ಅನ್ನೋ ಆಸೆ ಬೇಡ. ಎದ್ದ ಜಾಗಕ್ಕೆ ತಾನಾಗಿ ವಾಪಸ್ ಬರುವ ಸೌಲಭ್ಯ ಇದೆ, ನಿಜ. ಆದರೆ ಅದರ ಎತ್ತರವನ್ನು ಸುತ್ತಲಿನ ಮರ, ಕಂಬಕ್ಕಿಂತ ಮೇಲೆ ಇಟ್ಟಿರಬೇಕು. ಇಲ್ಲದಿದ್ದರೆ ಬರುವ ದಾರಿಯಲ್ಲಿ ಅದಕ್ಕೂ ಒಂದು ಜಾಲಿ ಗಿಡ ಸಿಗುತ್ತದೆ.

ಕಾಯಿದೆ ಮಾತು ಚಿಕ್ಕದಾಗಿ. 2021ರ ಡ್ರೋನ್ ನಿಯಮದ ಪ್ರಕಾರ ಇಂಥ ಡ್ರೋನಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಹದಿನೆಂಟು ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಡಿಜಿಸಿಎ, ಅಂದರೆ ಕೇಂದ್ರದ ವಿಮಾನಯಾನ ಮಹಾನಿರ್ದೇಶನಾಲಯ, ಒಪ್ಪಿದ ಸಂಸ್ಥೆಯಲ್ಲಿ ಕಲಿತಿರಬೇಕು. ಡಿಜಿಟಲ್ ಸ್ಕೈ ಅನ್ನೋ ಸರ್ಕಾರಿ ಮ್ಯಾಪಿನಲ್ಲಿ ಎಲ್ಲಿ ಹಾರಿಸಬಹುದು, ಎಲ್ಲಿ ಅನುಮತಿ ಬೇಕು ಅಂತ ತೋರಿಸೋಕೆ ಹಸಿರು, ಹಳದಿ, ಕೆಂಪು ಅಂತ ಬಣ್ಣ ಇರುತ್ತದೆ. ತೋರಣಗಲ್ಲು ಕಡೆಯವರು ಅದನ್ನು ಜಾಸ್ತಿ ಗಮನಿಸಿ, ಅಲ್ಲಿ ವಿದ್ಯಾನಗರದ ವಿಮಾನ ನಿಲ್ದಾಣ ಇದೆ. ಕಾಗದಪತ್ರ ಸರಿ ಇದ್ದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಪೊಲೀಸ್ ಜೀಪು ಕಂಡರೂ ಸ್ಟಿಕ್ ಅಲುಗಾಡಲ್ಲ.

ಇನ್ನು ಜನ. ನನಗೆ ಡ್ರೋನಿಗಿಂತ ಜನರದೇ ಹೆದರಿಕೆ ಜಾಸ್ತಿ ಇತ್ತು. ಮಕ್ಕಳು ಓಡಿ ಬರುತ್ತಾರೆ, ದೊಡ್ಡವರು ಪಕ್ಕಕ್ಕೇ ಬಂದು ‘ಎಷ್ಟು ಬಿತ್ತು ಇದಕ್ಕ?’ ಅಂತ ಕೇಳುತ್ತಾರೆ. ಉತ್ತರ ಕೊಡೋಕೆ ಹೋದರೆ ಕಣ್ಣು ತಪ್ಪುತ್ತದೆ. ಬೈದು ನೋಡಿದೆ, ಆಗಲಿಲ್ಲ. ಕೊನೆಗೆ ಆ ಜಾಲಿ ಗಿಡದ ಕಾಕಾರ ಹತ್ತಿರ ಹೋಗಿ, ಮೂವತ್ತು ಹೆಜ್ಜೆ ದೂರದಲ್ಲಿ ಹಗ್ಗ ಹಾಕಿ ಹೇಳಿದೆ: ‘ಕಾಕಾ, ಇದನ್ನ ದಾಟಿ ಯಾರೂ ಬರದಂಗ ನೀವು ನೋಡ್ಕೋಬೇಕ್ರಿ. ನಿಮ್ಮ ಮಾತಾದ್ರ ಕೇಳ್ತಾರ.’ ಅವತ್ತಿನಿಂದ ಆ ಹಗ್ಗದ ಯಜಮಾನರು ಅವರೇ. ತಹಶೀಲ್ದಾರರು ಬಂದರೂ ಬಿಡಲ್ಲ.

ಈ ಸಲ ನಾಟಿ ಮುಗಿದ ಮೇಲೆ ಮೊದಲ ದಿನದ ಕೆಲಸ. ನಾಲ್ಕು ತಿಂಗಳು ರಿಮೋಟ್ ಮುಟ್ಟಿರಲಿಲ್ಲ. ಮೋಟರ್ ಶುರುವಾಯಿತು, ಎಡ ಹೆಬ್ಬೆರಳು ಮತ್ತೆ ಸಣ್ಣಗೆ ನಡುಗಿತು. ಟವೆಲಿಗೆ ಕೈ ಒರೆಸಿಕೊಂಡೆ. ಹಗ್ಗದ ಆ ಕಡೆಯಿಂದ ಕಾಕಾರ ದನಿ ಕೇಳಿಸಿತು: ‘ಲೇ ತಮ್ಮಾ, ಮೊದ್ಲ ಉಸಿರು ಬಿಡು.’

ಬಿಟ್ಟೆ. ಏಳಿಸಿದೆ.

ನಮಸ್ಕಾರ.