ಹೆಸರು ಕಳಚಿಟ್ಟ ವೀರ: 'ಗ್ರೇಸನ್' ಕಾಮಿಕ್ಸ್ ಮತ್ತು ನಮ್ಮ ವಿರಾಟಪರ್ವ

ಎಲ್ಲರಿಗೂ ನಮಸ್ಕಾರ.

ಧಾರವಾಡದ ಸಭೆಯೊಂದರಲ್ಲಿ ಅಮೆರಿಕದ ಕಾಮಿಕ್ಸ್ ಬಗ್ಗೆ ಮಾತನಾಡಲು ನನಗೆ ಧೈರ್ಯ ಕೊಟ್ಟವನು ಕುಮಾರವ್ಯಾಸ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಅವನು ರಚಿಸಿದನೆಂದು ನಾವು ನಂಬಿರುವ ಭಾರತದಲ್ಲಿ, ವೀರರು ತಮ್ಮ ಹೆಸರನ್ನೇ ಕಳಚಿಟ್ಟು ಬದುಕುವ ಒಂದು ಪರ್ವವಿದೆ. ಹಾವೇರಿ ಜಿಲ್ಲೆಯಿಂದ ಬಂದವರಿಗಂತೂ ಅದು ತಮ್ಮ ನೆಲದ ಕಥೆ, ಹಾನಗಲ್ಲಿಗೆ ವಿರಾಟನಗರಿ ಎಂಬ ಹೆಸರೂ ಇದೆಯಲ್ಲ. 'ಗ್ರೇಸನ್' ಎಂಬ ಕಾಮಿಕ್ಸ್ ಸರಣಿಯನ್ನು ನಾನು ಓದಿದ್ದು ವಿರಾಟಪರ್ವದ ಕಣ್ಣಿನಿಂದ.

ಡಿಕ್ ಗ್ರೇಸನ್ ಸರ್ಕಸ್ಸಿನ ಹುಡುಗ. ಜೋಕಾಲಿಯಿಂದ ಜೋಕಾಲಿಗೆ ಹಾರುವ ತಂದೆತಾಯಿಗಳ ಮಗ. ಅವರ ಕೊಲೆಯಾದ ಮೇಲೆ ಬ್ಯಾಟ್‌ಮ್ಯಾನ್ ಅವನನ್ನು ಸಾಕುತ್ತಾನೆ. 1940ರಲ್ಲಿ ಬ್ಯಾಟ್‌ಮ್ಯಾನ್‌ನ ಕಿರಿಯ ಜೊತೆಗಾರ ರಾಬಿನ್ ಆಗಿ ಓದುಗರ ಮುಂದೆ ಬಂದ ಈ ಹುಡುಗ 1984ರಲ್ಲಿ ಗುರುವಿನ ನೆರಳಿನಿಂದ ಹೊರಬಂದು ನೈಟ್‌ವಿಂಗ್ ಎಂಬ ಸ್ವತಂತ್ರ ವೀರನಾದ. ಮುಂದೆ ಶತ್ರುಗಳು ಅವನ ಮುಖವಾಡ ಕಿತ್ತು, ನಿಜವಾದ ಹೆಸರನ್ನು ಲೋಕಕ್ಕೆಲ್ಲ ಸಾರಿಬಿಟ್ಟರು. ಅವನು ಸತ್ತನೆಂದು ಜನ ನಂಬಿದರು. ಆ ನಂಬಿಕೆಯನ್ನು ಬ್ಯಾಟ್‌ಮ್ಯಾನ್ ಹಾಗೆಯೇ ಉಳಿಸಿಕೊಂಡ. ಸ್ಪೈರಲ್ ಎಂಬ ಗೂಢಚಾರ ಸಂಸ್ಥೆ ವೀರರ ಗುಟ್ಟಿನ ಹೆಸರುಗಳನ್ನೆಲ್ಲ ಕಲೆಹಾಕುತ್ತಿತ್ತು. ಅದರೊಳಗೆ ನುಸುಳಲು ಸತ್ತವನಿಗಿಂತ ತಕ್ಕವನು ಯಾರು? ಹೀಗೆ 2014ರಲ್ಲಿ ಡಿಕ್ 'ಏಜೆಂಟ್ 37' ಆದ. ಸರಣಿ 2016ರವರೆಗೆ 20 ಸಂಚಿಕೆ ಬಂತು.

ಬಹುಪಾಲು ಸಂಚಿಕೆಗಳ ಕಥೆ ಟಿಮ್ ಸೀಲಿ ಮತ್ತು ಟಾಮ್ ಕಿಂಗ್ ಅವರದು, ಮುಖ್ಯ ಚಿತ್ರಕಾರ ಮಿಕೆಲ್ ಹನೀನ್. ಟಾಮ್ ಕಿಂಗ್ ಬರೆಯುವ ಮೊದಲು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಲ್ಲಿ ಭಯೋತ್ಪಾದನೆ ತಡೆಯುವ ವಿಭಾಗದಲ್ಲಿ ಕೆಲಸ ಮಾಡಿದವರು. ಸುಳ್ಳು ಹೆಸರಿನಲ್ಲಿ ದಿನ ಕಳೆಯುವ ಮನುಷ್ಯನ ದಣಿವು ಪುಟಗಳಲ್ಲಿ ಅಷ್ಟು ಸಹಜವಾಗಿ ಕಾಣಿಸುವುದಕ್ಕೆ ಅದೂ ಒಂದು ಕಾರಣವಿರಬೇಕು.

ಸ್ಪೈರಲ್‌ನವರು ಡಿಕ್‌ನ ಕಣ್ಣಿಗೆ ಹಿಪ್ನೋಸ್ ಎಂಬ ಉಪಕರಣ ಅಳವಡಿಸುತ್ತಾರೆ. ಅದರಿಂದಾಗಿ ನೋಡಿದವರ ನೆನಪಿನಲ್ಲಿ ಅವನ ಮುಖ ನಿಲ್ಲುವುದೇ ಇಲ್ಲ. ಓದುಗರಾದ ನಮಗೆ ಮಾತ್ರ ಪ್ರತಿ ಚೌಕಟ್ಟಿನಲ್ಲೂ ಅವನ ಮುಖ ಸ್ಪಷ್ಟ. ಇಡೀ ಲೋಕದಲ್ಲಿ ಅವನನ್ನು ಗುರುತಿಸಬಲ್ಲವರು ನಾವೇ ಎಂಬ ಈ ಇಕ್ಕಟ್ಟನ್ನು ಚಿತ್ರಕಥೆಯಷ್ಟು ನೇರವಾಗಿ ಬೇರೆ ಯಾವ ಪ್ರಕಾರ ಕಟ್ಟಿಕೊಟ್ಟೀತು? ನನಗಂತೂ ಹೊಳೆಯುತ್ತಿಲ್ಲ.

ಮುಖ ಹೋದರೂ ಮೈ ಹೋಗುವುದಿಲ್ಲ. ವಲಲನಾಗಿ ಸೌಟು ಹಿಡಿದ ಭೀಮ ವಿರಾಟನ ಆಸ್ಥಾನದಲ್ಲಿ ಮಲ್ಲನನ್ನು ಕೆಡವಿದ, ಕೀಚಕನನ್ನು ಮುಗಿಸಿದ. ಕೀಚಕ ಸತ್ತ ಸುದ್ದಿ ಕೇಳಿದೊಡನೆ ಹಸ್ತಿನಾವತಿಯಲ್ಲಿ ಅನುಮಾನ ಹುಟ್ಟಿತು: ಅಂಥ ತೋಳು ಇನ್ನಾರದು? ಡಿಕ್‌ನದೂ ಇದೇ ಪಾಡು. ಬಂದೂಕು ಹಿಡಿದು ಕೊಲ್ಲಬೇಕಾದ ಕಡೆ ಅವನು ಸರ್ಕಸ್ಸಿನ ಹುಡುಗನಂತೆ ಹಾರುತ್ತಾನೆ, ಕೊಲ್ಲದೆ ಕೆಲಸ ಮುಗಿಸುವ ದಾರಿ ಹುಡುಕುತ್ತಾನೆ. ಐದನೆಯ ಸಂಚಿಕೆಯನ್ನು ನೋಡಿ. ತಾಯಿ ಸತ್ತ ಹಸುಗೂಸನ್ನು ಎತ್ತಿಕೊಂಡು ಅವನು ಮರುಭೂಮಿ ದಾಟಬೇಕು. ಜೊತೆಗಿದ್ದ ಸ್ಪೈರಲ್‌ನ ಹೆಲೆನಾ, ಎದುರಾಳಿಯಾಗಿದ್ದ ಮಿಡ್‌ನೈಟರ್ ಇಬ್ಬರೂ ಕಸುವು ತೀರಿ ಬೀಳುತ್ತಾರೆ. ಅವನು ನಡೆಯುತ್ತಲೇ ಇರುತ್ತಾನೆ. ಆ ಮರಳಿನಲ್ಲಿ ಯಾವ ಗೂಢಚಾರಿಕೆಯೂ ಇಲ್ಲ, ಇರುವುದು ಮಗುವನ್ನು ಕೆಳಗಿಡಲಾರದ ಒಬ್ಬ ಮನುಷ್ಯ. ಸರಣಿಯ ಶ್ರೇಷ್ಠ ಸಂಚಿಕೆ ಇದೇ ಎಂದು ನನ್ನ ಅಭಿಪ್ರಾಯ.

ಆದರೆ ಎರಡು ಕಥೆಗಳು ಬೇರೆಯಾಗುವ ಒಂದು ಜಾಗವಿದೆ, ಅಲ್ಲಿ ನನಗೆ ಬ್ಯಾಟ್‌ಮ್ಯಾನ್ ಮೇಲೆ ನಿಜವಾಗಿ ಸಿಟ್ಟು ಬರುತ್ತದೆ. ಪಾಂಡವರ ಅಜ್ಞಾತವಾಸ ಒಂದು ಒಪ್ಪಂದದ ಶರತ್ತು. ಅದು ಎಲ್ಲರಿಗೂ ತಿಳಿದದ್ದು, ಆರೂ ಜನ ಒಂದೇ ಊರಿನಲ್ಲಿದ್ದು ಕಳೆದದ್ದು. ಸೈರಂಧ್ರಿಗೆ ಅವಮಾನವಾದಾಗ ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವಷ್ಟು ಆಸರೆ ಅವಳಿಗಿತ್ತು. ಡಿಕ್‌ಗೆ ಅಂಥ ಬಾಗಿಲೇ ಇಲ್ಲ. ತಮ್ಮಂದಿರಂತಿದ್ದವರು, ಪ್ರೀತಿಸಿದ ಬಾರ್ಬರಾ, ಎಲ್ಲರೂ ಅವನಿಗಾಗಿ ಅತ್ತು ಮುಗಿಸಿದ್ದಾರೆ. ಅವನು ಈ ಕೆಲಸ ಒಲ್ಲೆನೆಂದಾಗ ಸಾಕಿದ ತಂದೆಯೇ ಹೊಡೆದಾಡಿ ಒಪ್ಪಿಸಿದ. ಕಾರ್ಯ ಎಷ್ಟೇ ದೊಡ್ಡದಿರಲಿ, ಆ ಮನೆಯವರಿಗೆ ಆ ದುಃಖ ಕೊಡುವ ಹಕ್ಕು ಬ್ಯಾಟ್‌ಮ್ಯಾನ್‌ಗಿರಲಿಲ್ಲ. ಹನ್ನೆರಡನೆಯ ಸಂಚಿಕೆಯಲ್ಲಿ ಡಿಕ್ ಒಬ್ಬೊಬ್ಬರನ್ನೇ ಕಂಡು ತಾನು ಬದುಕಿರುವುದನ್ನು ತಿಳಿಸುತ್ತಾನೆ. ಕೆಲವರ ಸಿಟ್ಟು ತಣಿಯುವುದಿಲ್ಲ. ಬರೆದವರು ಆ ಸಿಟ್ಟಿಗೆ ಜಾಗ ಬಿಟ್ಟಿದ್ದಾರೆ, ಅದಕ್ಕಾಗಿ ಅವರನ್ನು ಮೆಚ್ಚುತ್ತೇನೆ.

ಕೊನೆಯ ಸಂಚಿಕೆಗಳನ್ನು ಬೇರೆಯವರು ಬರೆದರು. ಅಲ್ಲಿ ಒಂದು ಉಪಗ್ರಹ ಲೋಕದ ನೆನಪಿನಿಂದಲೇ ಡಿಕ್‌ನ ಗುಟ್ಟನ್ನು ಅಳಿಸಿಹಾಕುತ್ತದೆ. ಅವನು ಮತ್ತೆ ನೈಟ್‌ವಿಂಗ್ ಆಗುತ್ತಾನೆ. ಇದು ತೀರಾ ಅಗ್ಗದ ಬಿಡುಗಡೆ. ಬನ್ನಿ ಮರದಿಂದ ಗಾಂಡೀವ ಇಳಿದಾಗ ಯಾರ ನೆನಪೂ ಅಳಿಯಲಿಲ್ಲ. ಅವಧಿ ಮುಗಿಯಿತೋ ಇಲ್ಲವೋ ಎಂದು ಕೌರವರು ಜಗಳ ತೆಗೆದರು, ಭೀಷ್ಮ ಅಧಿಕಮಾಸಗಳನ್ನು ಎಣಿಸಿ ಲೆಕ್ಕ ಹೇಳಬೇಕಾಯಿತು, ದುರ್ಯೋಧನ ಆ ಲೆಕ್ಕವನ್ನೂ ಒಪ್ಪಲಿಲ್ಲ. ಇಲ್ಲಿ ಕುಳಿತಿರುವ ಚಿತ್ರಕಲಾ ವಿದ್ಯಾರ್ಥಿಗಳಲ್ಲಿ ಯಾರಾದರೂ ಆ ಜಗಳವನ್ನು ಚೌಕಟ್ಟುಗಳಲ್ಲಿ ಬರೆಯಲು ಹೊರಟರೆ, ಮೊದಲು ಹಾನಗಲ್ಲಿನ ಕೋಟೆಯನ್ನು ನೋಡಿ ಬನ್ನಿ, ಆಮೇಲೆ 'ಗ್ರೇಸನ್'ನ ಐದನೆಯ ಸಂಚಿಕೆಯನ್ನು ಓದಿ.