ಸೇವ್ ಆಗಿದೆ, ಓದೋಕೆ ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ.

ನಗರಸಭೆಯಂಥ ಕಚೇರಿಗಳ ಡಿಜಿಟಲ್ ಕಡತಗಳನ್ನು ಎಷ್ಟೋ ವರ್ಷದ ನಂತರವೂ ಓದಲು ಬರುವಂತೆ ಇಡುವುದು ಹೇಗೆ ಎಂಬುದೇ ಇವತ್ತಿನ ಮಾತು. ಮೊದಲು ಒಂದು ಕಡತ ತೆರೆಯೋಣ. ಸಾಮಾನ್ಯ ಸಭೆಯ ಹಳೇ ನಡಾವಳಿ, ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿಗೂ ಒಂದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಫೈಲ್ ಕೆಟ್ಟಿಲ್ಲ, ಒಂದು ಬೈಟೂ ಕಳೆದಿಲ್ಲ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಚಿತ್ರವಿಚಿತ್ರ ಚಿಹ್ನೆಗಳ ಕಲಸುಮೇಲೋಗರ. ಯಾವ ರಸ್ತೆ ಅಗಲ ಮಾಡಲು ಠರಾವಾಯಿತು, ಯಾರು ಆಕ್ಷೇಪಣೆ ಬರೆಸಿದರು, ಎಲ್ಲ ಅದರೊಳಗೇ ಇದೆ. ಕಾಗದದ ನಡಾವಳಿ ಪುಸ್ತಕದ ಅಂಚನ್ನು ಗೆದ್ದಲು ತಿಂದರೂ ನಡುವಿನ ಸಾಲು ಓದಬಹುದಿತ್ತು.

‘ಬ್ಯಾಕಪ್ ಇದೆಯಲ್ಲ’ ಅನ್ನುತ್ತಾರೆ. ಬ್ಯಾಕಪ್ ಇರುವುದು ನಿನ್ನೆ ಕಳೆದದ್ದನ್ನು ಇವತ್ತು ಹಿಂದಕ್ಕೆ ತರಲು. ಓದಲಾಗದ ಫೈಲನ್ನೂ ಅದು ನಿಷ್ಠೆಯಿಂದ ಮೂರು ಪ್ರತಿ ಮಾಡಿಡುತ್ತದೆ!

ದೀರ್ಘಕಾಲ ಇಡುವ ಕಡತಕ್ಕೆಂದೇ 2005ರಲ್ಲಿ ಪಿಡಿಎಫ್/ಎ ಎಂಬ ಅಂತರರಾಷ್ಟ್ರೀಯ (ಐಎಸ್ಒ) ಮಾನಕ ಬಂತು. ಫಾಂಟ್ ಫೈಲಿನೊಳಗೇ ಇರಬೇಕು, ಪಾಸ್‌ವರ್ಡ್ ಬೀಗ ಹಾಕುವಂತಿಲ್ಲ. ಆದರೆ ಇದರ ‘ಬಿ’ ಹಂತ ಖಾತರಿ ಕೊಡುವುದು ಪುಟದ ನೋಟಕ್ಕೆ ಮಾತ್ರ. 2011ರಲ್ಲಿ ಬಂದ ಈ ಮಾನಕದ ಎರಡನೇ ಭಾಗದಲ್ಲಿ ‘ಯು’ ಹಂತ ಸೇರಿತು. ಅದರಲ್ಲಿ ಪ್ರತಿ ಅಕ್ಷರಕ್ಕೂ ಯೂನಿಕೋಡ್ ನಂಟು ಕಡ್ಡಾಯ. ಆ ನಂಟಿಲ್ಲದ ಕಡತ ಕಣ್ಣಿಗೆ ಚೆನ್ನಾಗಿರುತ್ತದೆ, ಹುಡುಕಿದರೆ ಸಿಗುವುದಿಲ್ಲ. ನನ್ನನ್ನು ಕೇಳಿದರೆ ನಮ್ಮ ಲಿಪಿಗಳಿಗೆ ‘ಬಿ’ ಸಾಲದು.

ಇನ್ನು ಡಿಜಿಟಲ್ ಸಹಿ. ಸಹಿ ಮಾಡಿದ ಕಟ್ಟಡ ಪರವಾನಗಿಯನ್ನು ಪ್ರಿಂಟ್ ತೆಗೆದು, ಮೇಲೊಂದು ಗುಂಡು ಮುದ್ರೆ ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ‘ಡಿಜಿಟಲ್ ಕಡತ’ ಅಂತ ಸೇರಿಸುವುದುಂಟು. ಪ್ರಿಂಟ್ ಕೊಟ್ಟ ಕ್ಷಣವೇ ಆ ಪ್ರತಿಯಲ್ಲಿ ಸಹಿ ಸತ್ತಿತು, ಉಳಿದದ್ದು ಅದರ ಫೋಟೊ. ಪ್ರಿಂಟ್ ತೆಗೆಯದಿದ್ದರೂ ನಿಶ್ಚಿಂತೆಯಿಲ್ಲ. ಸಹಿ ಯಾರದೆಂದು ಖಾತರಿಪಡಿಸುವ ಸರ್ಟಿಫಿಕೇಟಿಗೆ ಅವಧಿ ಇರುತ್ತದೆ, ಪರವಾನಗಿಯ ಕಟ್ಟಡ ಅದಕ್ಕಿಂತ ಎಷ್ಟೋ ವರ್ಷ ನಿಂತಿರುತ್ತದೆ. ಸಹಿಯಾದಾಗ ಸರ್ಟಿಫಿಕೇಟ್ ಚಾಲ್ತಿಯಲ್ಲಿತ್ತು, ರದ್ದಾಗಿರಲಿಲ್ಲ ಎನ್ನುವ ಪುರಾವೆಯನ್ನೂ ಸಹಿಯ ಹೊತ್ತನ್ನು ಸಾರುವ ನಂಬಲರ್ಹ ಸಮಯಮುದ್ರೆಯನ್ನೂ ಕಡತದ ಜೊತೆಗೇ ಇಡಬೇಕು.

ಫೈಲ್ ಬದಲಾಗಿಲ್ಲ ಎಂದು ತಿಳಿಯುವುದು ಸುಲಭ: ಎಸ್‌ಎಚ್‌ಎ-256 ಮೊತ್ತ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ತೆಗೆದಿಟ್ಟು ಆಗಾಗ ತಾಳೆ ನೋಡಿದರಾಯಿತು. ಅದು ಯಂತ್ರದ ಕೆಲಸ.

ಯಂತ್ರಕ್ಕೆ ಆಗದ ಕೆಲಸ ಬೇರೆ ಇದೆ. ‘ಸ್ಕ್ಯಾನ್0047’ ಹೆಸರಿನ ನಕ್ಷೆ ಯಾವ ಅರ್ಜಿಯದು, ಅದರ ಮೇಲೆ ಟಿಪ್ಪಣಿ ಏನಿತ್ತು, ಯಾವ ಠರಾವಿಗೆ ಲಗತ್ತಾಗಿತ್ತು? ಕಾಗದದ ಕಾಲದಲ್ಲಿ ಇದನ್ನೆಲ್ಲ ಒಂದು ಟ್ಯಾಗ್ ದಾರ ಹಿಡಿದಿಟ್ಟಿತ್ತು. ಈಗ ಆ ದಾರ ತಂತ್ರಾಂಶದ ಡೇಟಾಬೇಸಿನಲ್ಲಿದೆ. ಗುತ್ತಿಗೆ ಮುಗಿದ ದಿನ ಕಂಪನಿಯವರು ಹಾರ್ಡ್‌ಡಿಸ್ಕ್ ತುಂಬ ಪಿಡಿಎಫ್ ಕೊಟ್ಟು ಕೈಮುಗಿಯುತ್ತಾರೆ, ದಾರ ಅವರ ಬಳಿಯೇ ಉಳಿಯುತ್ತದೆ. ಹಾಗಾಗಿ ಟೆಂಡರ್ ಷರತ್ತಿನಲ್ಲೇ ಬರೆಯಿಸಿ: ಕಡತ ಸಂಖ್ಯೆ, ವಿಷಯ, ದಿನಾಂಕ, ಲಗತ್ತುಗಳ ನಂಟು, ಕಡತವನ್ನು ಎಷ್ಟು ಕಾಲ ಇಟ್ಟು ವಿಲೇವಾರಿ ಮಾಡಬೇಕೆಂಬ ಅವಧಿ, ಎಲ್ಲವೂ ಯಾವ ತಂತ್ರಾಂಶವಾದರೂ ಓದಬಲ್ಲ ರೂಪದಲ್ಲಿ ಹೊರಬರಬೇಕು. ಬಿಲ್ ಪಾಸ್ ಮಾಡುವ ಮುಂಚೆ ಹತ್ತು ಕಡತ ಹೊರತೆಗೆಸಿ, ಆ ತಂತ್ರಾಂಶವೇ ಇಲ್ಲದ ಕಂಪ್ಯೂಟರಿನಲ್ಲಿ ನೀವೇ ಕೂತು ತೆರೆದು ನೋಡಿ.