ಒಂದೇ ಸರ್ವರ್, ಹತ್ತಾರು ಜನ

ಕೇಳುಗರಿಗೆ ನಮಸ್ಕಾರ.

ನಮ್ಮ ಎಷ್ಟೋ ಆಡಿಟರ್ ಆಫೀಸುಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಸರ್ವರ್ ಇರುತ್ತದೆ. ಹತ್ತು ಹದಿನೈದು ಜನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದಕ್ಕೇ ಲಾಗಿನ್ ಆಗುತ್ತಾರೆ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ, ಜೊತೆಗೆ ಎಕ್ಸೆಲ್, ಒಂದು ಬ್ರೌಸರ್. ಕೆಲಸಕ್ಕೆ ಇಷ್ಟು ಸಾಕು, ಅಲ್ವಾ? ಆದರೆ ಮೇಲ್‌ನಲ್ಲಿ ಬಂದ ಯಾವುದೋ ಪ್ರೋಗ್ರಾಂ ಅನ್ನು ಒಬ್ಬರು ಸುಮ್ನೆ ಒತ್ತಿದರೂ, ಅವರ ಕೈಗೆ ಸಿಗುವ ಲೆಕ್ಕಪತ್ರವೆಲ್ಲ ಲಾಕ್ ಆಗಬಹುದು. ಆಮೇಲೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕು.

ಇದಕ್ಕೆ ಬಹಳ ಜನ ಬೇಡದ ಪ್ರೋಗ್ರಾಂಗಳ ಹೆಸರು ಬರೆದು ತಡೆಯಲು ಹೋಗುತ್ತಾರೆ. ವಿಂಡೋಸ್ ನಿಯಮಗಳನ್ನು ಒಂದೇ ಕಡೆ ಹೊಂದಿಸುವ ಗ್ರೂಪ್ ಪಾಲಿಸಿಯಲ್ಲಿ ಆ ಸೆಟ್ಟಿಂಗ್ ಇದೆ, ನಿಜ. ಆದರೆ ಅದು ನೋಡುವುದು ಫೈಲಿನ ಹೆಸರನ್ನು ಮಾತ್ರ. ರೀನೇಮ್ ಮಾಡಿದರೆ ಮುಗೀತು. ಕಮಾಂಡ್ ಪ್ರಾಂಪ್ಟ್‌ನಿಂದ ಕರೆದರೆ ಹೆಸರು ಬದಲಿಸುವುದೂ ಬೇಡ.

ಅದರ ಬದಲು ಬೇಕಾದ್ದನ್ನಷ್ಟೇ ಬರೆಯಿರಿ, ಉಳಿದದ್ದೆಲ್ಲ ಬಂದ್ ಆಗಲಿ. ವಿಂಡೋಸ್ ಸರ್ವರ್ 2008 ಆರ್2 ಬಂದಾಗಿನಿಂದ ಇದಕ್ಕೆ ಆಪ್‌ಲಾಕರ್ ಎಂಬ ವಿಂಡೋಸ್‌ನದೇ ಸೌಲಭ್ಯ ಇದೆ. ಅದರ ಡಿಫಾಲ್ಟ್ ನಿಯಮಗಳಲ್ಲಿ ಪ್ರೋಗ್ರಾಂ ಫೈಲ್ಸ್ ಮತ್ತು ವಿಂಡೋಸ್ ಫೋಲ್ಡರ್‌ನಲ್ಲಿರುವುದು ಓಡುತ್ತದೆ. ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಪೆನ್‌ಡ್ರೈವ್‌ನಲ್ಲಿರುವುದು ಅಡ್ಮಿನ್ ಅಲ್ಲದವರಿಗೆ ಓಡುವುದಿಲ್ಲ. ವಿಂಡೋಸ್ ಒಳಗಿನ ಟೆಂಪ್ ಥರದ ಫೋಲ್ಡರ್‌ಗಳಲ್ಲಿ ಮಾತ್ರ ಯಾರು ಬೇಕಾದರೂ ಫೈಲ್ ಇಡಬಹುದು. ಅವನ್ನು ನಿಯಮದಿಂದ ಹೊರಗಿಡಲು ಮರೆಯಬೇಡಿ.

ನನ್ನ ಕಳಕಳಿಯ ಮಾತು ಇರುವುದು ಇಲ್ಲಿ. ದಯವಿಟ್ಟು ಒಂದೇ ಸಲಕ್ಕೆ ತಡೆ ಹಾಕಬೇಡಿ. ಮೊದಲು ಆಡಿಟ್ ಮೋಡ್‌ನಲ್ಲಿ ಇಡಿ. ಆಗ ಏನನ್ನೂ ತಡೆಯುವುದಿಲ್ಲ, ತಡೆಯಬಹುದಾಗಿದ್ದದ್ದನ್ನು ಬರೆದಿಡುತ್ತದೆ. ಟ್ಯಾಲಿಯನ್ನು ಡಿ ಡ್ರೈವ್‌ನಲ್ಲಿ ಹಾಕಿದ್ದರೆ, ವಿಂಡೋಸ್ ಬರೆದಿಟ್ಟದ್ದನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 8003 ನಂಬರಿನ ಸಾಲುಗಳು ಸಾಲುಸಾಲಾಗಿ ಕಾಣುತ್ತವೆ. ಅದು ನೋಡದೆ ತಡೆ ಹಾಕಿದ್ದರೆ ಬೆಳಿಗ್ಗೆ ಯಾರಿಗೂ ಟ್ಯಾಲಿ ತೆರೆಯುತ್ತಿರಲಿಲ್ಲ! ಟಿಡಿಎಸ್ ರಿಟರ್ನ್ ತಯಾರಿಸುವ ಆರ್‌ಪಿಯು ಇನ್ನೂ ಸೂಕ್ಷ್ಮ. ಜಿಪ್ ಬಿಚ್ಚಿ ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಂಡಿರುತ್ತಾರೆ. ಅದು ಶುರುವಾಗುವುದೇ ಬ್ಯಾಚ್ ಫೈಲಿನಿಂದ, ಅಂದರೆ ಆಜ್ಞೆಗಳನ್ನು ಬರೆದಿಟ್ಟ ಸ್ಕ್ರಿಪ್ಟ್‌ನಿಂದ, ಆದ್ದರಿಂದ ಆಪ್‌ಲಾಕರ್‌ನ ಸ್ಕ್ರಿಪ್ಟ್ ನಿಯಮಕ್ಕೆ ಸಿಕ್ಕಿಬೀಳುತ್ತದೆ. ತೆರೆಯುವುದೋ ಮೂರು ತಿಂಗಳಿಗೊಮ್ಮೆ. ಒಂದು ವಾರದ ಆಡಿಟ್‌ನಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಹಾಗಾಗಿ ಒಂದು ಟಿಡಿಎಸ್ ರಿಟರ್ನ್ ಮುಗಿಯುವವರೆಗೆ ಆಡಿಟ್ ಮೋಡ್ ಇರಲಿ. ಜೊತೆಗೆ, ಅಲ್ಲಿ ಕೂತು ಕೆಲಸ ಮಾಡುವವರನ್ನೇ ಕೇಳಿ: ಯಾವಾಗಲೋ ಒಮ್ಮೆ ಮಾತ್ರ ತೆರೆಯುವಂಥದ್ದು ಇನ್ನೇನಾದರೂ ಇದೆಯಾ ಅಂತ.